ಹೊಟ್ಟೆನೋವಿಗೆ ಕೊಟ್ಟ ಪುಡಿಯೇ ಹೊಟ್ಟೆನೋವು ತಂದರೆ

1981ರ ಬೇಸಿಗೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಮಗುವನ್ನು ಎಮರ್ಜೆನ್ಸಿಗೆ ಕರೆತಂದರು. ನೋಡಿದರೆ ಸೀಸದ ವಿಷವೇರಿದ ಲಕ್ಷಣ. ಡಾಕ್ಟರುಗಳು ಹೊಟ್ಟೆ ತೊಳೆದಾಗ ಹೊರಬಂದದ್ದು ಢಾಳಾದ ಕಿತ್ತಳೆ ಬಣ್ಣದ ಪುಡಿ. ಲ್ಯಾಬಿಗೆ ಕಳಿಸಿದರು. ಲೆಡ್ ಟೆಟ್ರಾಕ್ಸೈಡ್, ಅಂದರೆ ಸೀಸದ ಸಂಯುಕ್ತ ಅಂತ ಗೊತ್ತಾಯಿತು. ಬಿಡದೆ ವಿಚಾರಿಸಿದ ಮೇಲೆ ತಾಯಿ ಬಾಯಿಬಿಟ್ಟಳು. ಮಗುವಿಗೆ ಎಂಪಾಚೊ ಆಗಿತ್ತು, ಅದಕ್ಕೆ ಅಸಾರ್ಕೊನ್ ಕೊಟ್ಟಿದ್ದಳು.

ಎಂಪಾಚೊ ಅಂದರೆ ಮೆಕ್ಸಿಕೊ ಮೂಲದ ಮನೆಗಳಲ್ಲಿ ಚಿರಪರಿಚಿತ ಕಾಯಿಲೆ. ತಿಂದದ್ದು ಕರಗದೆ ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡಿದೆ ಅನ್ನುವ ನಂಬಿಕೆ. ಹೊಟ್ಟೆನೋವು, ವಾಂತಿ, ಊಟ ಸೇರದಿರುವುದು, ಮಲಬದ್ಧತೆ ಅದರ ಲಕ್ಷಣಗಳು. ಅಜ್ಜಿಯರು ಎಣ್ಣೆ ಹಚ್ಚಿ ಹೊಟ್ಟೆ ನೀವುತ್ತಾರೆ. ಬೆನ್ನಿನ ಚರ್ಮ ಹಿಡಿದು ಟಕ್ ಅನ್ನುವ ತನಕ ಎಳೆಯುತ್ತಾರೆ. ಕ್ಯಾಮೊಮೈಲ್ ಹೂವಿನ ಕಷಾಯ ಕುಡಿಸುತ್ತಾರೆ. ನಗುವ ಮೊದಲು ನಮ್ಮ ಕಡೆಯ ಕೈಮದ್ದನ್ನು ನೆನಪಿಸಿಕೊಳ್ಳಿ. ಯಾರೋ ಹಾಕಿದ ಮದ್ದು ಹೊಟ್ಟೆಯಲ್ಲಿ ಅಂಟಿಕೊಂಡು ಬೆಳೆಯುತ್ತಿದೆ ಅಂತ ವಾಂತಿ ಮಾಡಿಸಿಕೊಳ್ಳಲು ಹೋಗುವವರು ಈಗಲೂ ಇದ್ದಾರೆ, ಅಲ್ವಾ?

ನೀವಿದರೆ, ಹೂವಿನ ಕಷಾಯ ಕೊಟ್ಟರೆ ಅಂಥ ಕೆಡುಕೇನಿಲ್ಲ. ಅಪಾಯ ಇದ್ದದ್ದು ಎರಡು ಪುಡಿಗಳಲ್ಲಿ. ಕಿತ್ತಳೆ ಬಣ್ಣದ್ದು ಅಸಾರ್ಕೊನ್, ಹಳದಿ ಬಣ್ಣದ್ದು ಗ್ರೆಟಾ. ಗ್ರೆಟಾ ಅಂದರೆ ಮೆಕ್ಸಿಕೊದ ಕುಂಬಾರರು ಮಡಕೆಗೆ ಹೊಳಪು ಬರಿಸಲು ಬಳಿಯುವ ಲೆಡ್ ಆಕ್ಸೈಡ್! ಈ ಪುಡಿಗಳಲ್ಲಿ ಶೇ 90ರವರೆಗೂ ಸೀಸ ಸಿಕ್ಕಿದೆ. ಅಮೆರಿಕದ ಆರೋಗ್ಯ ಇಲಾಖೆಯವರು ಎಚ್ಚರಿಕೆ ಕೊಡುವಾಗ ಇವುಗಳ ಜೊತೆಗೆ ಘಸರ್ಡ್ ಅನ್ನುವ ಕಂದು ಪುಡಿಯ ಹೆಸರನ್ನೂ ಹೇಳುತ್ತಾರೆ. ಅದು ಭಾರತದ್ದು, ಜೀರ್ಣಕ್ಕೆ ಕೊಡುವಂಥದ್ದು.

ಈಗ ನೋಡಿ ತಮಾಷೆ. ಸೀಸ ಮೈಗೆ ಸೇರಿದರೆ ಏನಾಗುತ್ತದೆ? ಹೊಟ್ಟೆ ಹಿಂಡುತ್ತದೆ, ವಾಂತಿಯಾಗುತ್ತದೆ, ಊಟ ಸೇರುವುದಿಲ್ಲ, ಮಲ ಕಟ್ಟುತ್ತದೆ. ಥೇಟ್ ಎಂಪಾಚೊ. ಪುಡಿ ಕೊಟ್ಟ ಮೇಲೂ ಮಗು ಅಳುತ್ತಿದ್ದರೆ ತಾಯಿ ಏನು ಮಾಡುತ್ತಾಳೆ? ಇನ್ನೊಂದು ಚಿಟಿಕೆ ಕೊಡುತ್ತಾಳೆ. ಮೂಢನಂಬಿಕೆ ಅಂತ ಬೈದುಬಿಡುವುದು ಸುಲಭ. ಆದರೆ ಆಕೆಯ ಕಣ್ಣೆದುರು ಇರುವ ಸಾಕ್ಷಿಯೆಲ್ಲ ನಂಬಿಕೆಯ ಪರವಾಗಿಯೇ ಇದೆ.

ಸೀಸಕ್ಕೆ ಇಷ್ಟು ಸಲೀಸಾಗಿ ಮೈಯೊಳಗೆ ದಾರಿ ಸಿಗುವುದು ಹೇಗೆ? ಅದು ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಎರಡರ ಅಯಾನುಗಳಿಗೂ ಒಂದೇ ವಿದ್ಯುದಂಶ, ಗಾತ್ರವೂ ಹತ್ತಿರ ಹತ್ತಿರ. ಮದುವೆ ಮನೆಗೆ ಕರೆಯದೆ ಬಂದವನನ್ನು ಹೆಣ್ಣಿನ ಕಡೆಯವರು ಗಂಡಿನ ಕಡೆಯವನು ಅಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನು ಅಂದುಕೊಳ್ಳುತ್ತಾರೆ. ಆತ ಮಾತ್ರ ಮೊದಲ ಪಂಕ್ತಿಯಲ್ಲೇ ಉಂಡು ಹೋಗುತ್ತಾನೆ. ಸೀಸದ್ದೂ ಅದೇ ಕಥೆ. ಬೆಳೆಯುವ ಮಕ್ಕಳ ಕರುಳು ಕ್ಯಾಲ್ಸಿಯಂಗೆ ಕಾದು ಕೂತಿರುತ್ತದೆ. ಹಾಗಾಗಿ ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಸೇರಬಹುದು. ಮೈಯಲ್ಲಿ ಕಬ್ಬಿಣ ಕಡಿಮೆಯಿದ್ದರೆ ಇನ್ನೂ ಜಾಸ್ತಿ. ಅಲ್ಲಿಂದ ನರಗಳ ತುದಿಗೆ ಹೋಗಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸ ಕೆಡಿಸುತ್ತದೆ. ರಕ್ತ ತಯಾರಾಗಲು ಬೇಕಾದ ಒಂದು ಕಿಣ್ವದೊಳಗಿನ ಸತುವನ್ನು ತಳ್ಳಿ ತಾನು ಕೂರುತ್ತದೆ. ಕೊನೆಗೆ ಮೂಳೆ ಸೇರಿ ದಶಕಗಟ್ಟಲೆ ಉಳಿಯುತ್ತದೆ. ಬಾಲ್ಯದಲ್ಲಿ ಸೀಸ ತಿಂದ ಹುಡುಗಿ ಮುಂದೆ ಬಸುರಿಯಾದಾಗ ಅವಳ ಮೂಳೆಯಿಂದ ಅದು ಕರಗಿ ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತದೆ.

ಓದಿದವರು ಇದರಲ್ಲಿ ಎಡವಿಲ್ಲ ಅಂದುಕೊಳ್ಳಬೇಡಿ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸೇಬಿನ ಮದ್ಯ ಕುಡಿದವರಿಗೆ ವಿಪರೀತ ಹೊಟ್ಟೆಶೂಲೆ ಬರುತ್ತಿತ್ತು. ಸೇಬಿನ ಹುಳಿಯೇ ಕಾರಣ ಅಂತ ವೈದ್ಯರು ಬರೆದಿದ್ದರು. ಸೇಬು ಹಿಂಡುವ ಗಾಣಗಳಲ್ಲಿದ್ದ ಸೀಸವೇ ಕಾರಣ ಅಂತ ಜಾರ್ಜ್ ಬೇಕರ್ ತೋರಿಸಿದ್ದು 1767ರಲ್ಲಿ.

1981ಕ್ಕೆ ವಾಪಸ್ ಬರೋಣ. ಆ ತಾಯಿ ಮೊದಲೇ ಯಾಕೆ ಹೇಳಲಿಲ್ಲ? ಅದೇ ಊರಿನ ಕೌಂಟಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹೋದ ಮೆಕ್ಸಿಕೊ ಮೂಲದ ಹೆಂಗಸರಿಗೆ ಸರಿಯಾದ ಒಪ್ಪಿಗೆ ಇಲ್ಲದೆ ಸಂತಾನಹರಣ ಮಾಡಿದ್ದರು. ಹತ್ತು ಹೆಂಗಸರು ಕೋರ್ಟಿಗೆ ಹೋದರು, 1978ರಲ್ಲಿ ಸೋತರು. ಇಂಥ ಊರಲ್ಲಿ ಬಿಳಿ ಕೋಟಿನವರ ಮುಂದೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ?

ಈ ಪುಡಿಗಳ ಜಾಡು ಹಿಡಿಯಲು ಸರ್ಕಾರ ಕೇಳಿಕೊಂಡದ್ದು ಟೆಕ್ಸಾಸ್‌ನಲ್ಲಿದ್ದ ಮಾನವಶಾಸ್ತ್ರಜ್ಞ ರಾಬರ್ಟ್ ಟ್ರಾಟರ್ ಅವರನ್ನು. ಡಾಕ್ಟರನ್ನಲ್ಲ, ಅದು ಜಾಣತನ. ಗಡಿಭಾಗದ ಗಿಡಮೂಲಿಕೆ ಅಂಗಡಿಗಳಲ್ಲಿ ಗ್ರೆಟಾ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಟ್ರಾಟರ್ ಹೇಳಿದ್ದು ಇಷ್ಟು: ಎಂಪಾಚೊ ಸುಳ್ಳು ಅಂತ ಭಾಷಣ ಬಿಗಿಯಬೇಡಿ, ಸೀಸ ಇಲ್ಲದ ಬೇರೆ ಮನೆಮದ್ದು ತೋರಿಸಿ. ಮೂಢನಂಬಿಕೆ ಅಂದರೆ ನನಗೆ ಮೈ ಉರಿಯುತ್ತದೆ, ಆದರೂ ಈ ಮಾತು ಒಪ್ಪಲೇಬೇಕು. ನಂಬಿಕೆ ನಿಧಾನವಾಗಿ ಹೋಗಲಿ, ಸೀಸ ಇವತ್ತೇ ಹೋಗಬೇಕು.

ಇಂಥ ಕೆಲಸಕ್ಕೆ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ ಬಡಾವಣೆಗಳಲ್ಲಿ ಪ್ರೊಮೊತೋರಾಗಳಿದ್ದಾರೆ. ಅದೇ ಬೀದಿಯ, ಅದೇ ಸ್ಪ್ಯಾನಿಷ್ ಮಾತಾಡುವ, ತರಬೇತಿ ಪಡೆದ ಹೆಂಗಸರು. ಮಗುವಿಗೆ ಸೀಸ ಕೊಡ್ತೀರಾ ಅಂತ ಕೇಳಿದರೆ ಯಾವ ತಾಯಿ ಹೌದು ಅಂತಾಳೆ? ಎಂಪಾಚೊ ಆದಾಗ ನಿಮ್ಮಮ್ಮ ಏನು ಕೊಡ್ತಿದ್ದರು ಅಂತ ಅಡುಗೆಮನೆಯಲ್ಲಿ ಕೂತು ಕೇಳಿದರೆ ಡಬ್ಬಿ ತಾನಾಗಿಯೇ ಕೆಳಗಿಳಿಯುತ್ತದೆ.

ಹಾಗಂತ ಎಲ್ಲ ತಪ್ಪನ್ನೂ ಅಜ್ಜಿಯರ ಡಬ್ಬಿಯ ಮೇಲೆ ಹಾಕಿದರೆ ಅದು ಶುದ್ಧ ಮೋಸ. ಲಾಸ್ ಏಂಜಲೀಸ್ ಪಕ್ಕದ ವರ್ನನ್‌ನಲ್ಲಿ ಹಳೆ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯೊಂದಿತ್ತು. ಸುತ್ತ ಹೆಚ್ಚಾಗಿ ಲ್ಯಾಟಿನೊ ಮನೆಗಳು. ಅದು ಪೂರ್ತಿ ಮುಚ್ಚಿದ್ದು 2015ರಲ್ಲಿ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸಂಘಟನೆಗಳ ಜೊತೆ ಸೇರಿ, ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೊಡಿ ಅಂತ ಮನೆಯವರನ್ನು ಕೇಳಿದರು. ಹಲ್ಲೇ ಯಾಕೆ? ಕ್ಯಾಲ್ಸಿಯಂನ ವೇಷದಲ್ಲಿ ಸೀಸ ಅಲ್ಲೂ ಸೇರಿಕೊಳ್ಳುತ್ತದೆ. ಅದೂ ಪದರ ಪದರವಾಗಿ, ಕೆಲವು ಪದರ ಹುಟ್ಟುವ ಮೊದಲೇ ಕಟ್ಟಿದ್ದು, ಉಳಿದದ್ದು ಆಮೇಲಿನದು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮಣ್ಣಿನಲ್ಲಿ ಸೀಸ ಜಾಸ್ತಿಯಿದ್ದ ಕಡೆಯ ಮಕ್ಕಳ ಹಲ್ಲಿನಲ್ಲೂ ಅದು ಜಾಸ್ತಿಯೇ ಇತ್ತು, ತಾಯಿಯ ಹೊಟ್ಟೆಯಲ್ಲಿದ್ದಾಗ ಕಟ್ಟಿದ ಪದರವೂ ಸೇರಿ.