ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ: ವಲಸಿಗರು ಕಟ್ಟುವುದೆಷ್ಟು, ಪಡೆಯುವುದೆಷ್ಟು

ಅಮೆರಿಕದ ಸರ್ಕಾರಿ ಪಿಂಚಣಿ ಯೋಜನೆಯಾದ ಸೋಶಿಯಲ್ ಸೆಕ್ಯೂರಿಟಿಯನ್ನು ನಮ್ಮ ಪಿಎಫ್ ಥರ ಊಹಿಸಿಕೊಂಡರೆ ಲೆಕ್ಕ ಮೊದಲಲ್ಲೇ ತಪ್ಪುತ್ತದೆ. ಪಿಎಫ್‌ನಲ್ಲಿ ನಿಮ್ಮ ಹೆಸರಿನಲ್ಲಿ ನಿಮ್ಮದೇ ದುಡ್ಡು ಬೆಳೆಯುತ್ತದೆ. ಇಲ್ಲಿ ಇಂದು ದುಡಿಯುವವರ ತೆರಿಗೆ ಇಂದಿನ ವೃದ್ಧರ ಪಿಂಚಣಿಗೆ ಹೋಗುತ್ತದೆ. ಮಿಕ್ಕಿದರೆ ಮಾತ್ರ ಟ್ರಸ್ಟ್ ಫಂಡ್ ಎಂಬ ಮೀಸಲು ನಿಧಿಗೆ. ನೌಕರನಿಂದ 6.2%, ಮಾಲೀಕನಿಂದ 6.2%, ಒಟ್ಟು 12.4%. 2025ರಲ್ಲಿ ವರ್ಷದ ಮೊದಲ 1,76,100 ಡಾಲರ್ ಸಂಬಳದವರೆಗೆ ಮಾತ್ರ ಈ ತೆರಿಗೆ.

ಹಾಗಾಗಿ ದುಡಿಯುವ ತಲೆಗಳೆಷ್ಟು ಎಂಬುದೇ ಮುಖ್ಯ. 1960ರಲ್ಲಿ ಒಬ್ಬ ಫಲಾನುಭವಿಗೆ ಸುಮಾರು 5 ಮಂದಿ ತೆರಿಗೆ ಕಟ್ಟುತ್ತಿದ್ದರು. ಈಗ 3ಕ್ಕೂ ಕಡಿಮೆ. ಈ ನಿಧಿಯ ಉಸ್ತುವಾರಿ ನೋಡುವ ಟ್ರಸ್ಟಿಗಳ 2025ರ ವರದಿಯ ಪ್ರಕಾರ ವೃದ್ಧಾಪ್ಯ ಪಿಂಚಣಿಯ ನಿಧಿ 2033ರಲ್ಲಿ ಬರಿದಾಗುತ್ತದೆ. ಬರಿದಾದರೆ ಪಿಂಚಣಿ ನಿಂತೇ ಹೋಗುತ್ತದೆ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ತೆರಿಗೆ ಬರುತ್ತಲೇ ಇರುವುದರಿಂದ ನಿಗದಿತ ಪಿಂಚಣಿಯ 77% ಕೊಡಲು ಆಗುತ್ತದೆ.

ವಲಸಿಗರು ಸಾಮಾನ್ಯವಾಗಿ ದುಡಿಯುವ ಪ್ರಾಯದಲ್ಲಿ ಬರುತ್ತಾರೆ. ಅವರ ತಂದೆತಾಯಿ ಬಹುಪಾಲು ತಾಯ್ನಾಡಿನಲ್ಲೇ ಇರುವುದರಿಂದ ಆ ತಲೆಮಾರಿನ ಪಿಂಚಣಿಯ ಹೊರೆ ಈ ನಿಧಿಯ ಮೇಲೆ ಬೀಳುವುದಿಲ್ಲ. ತೆರಿಗೆ ಇಂದೇ ಬರುತ್ತದೆ, ಖರ್ಚು ಮೂರು ದಶಕ ಬಿಟ್ಟು. ಆದರೆ ಖರ್ಚು ಬಂದೇ ಬರುತ್ತದೆ. ವಲಸಿಗರಿಗೂ ವಯಸ್ಸಾಗುತ್ತದೆ, ಆಗ ಅವರ ಮಕ್ಕಳ ತೆರಿಗೆ ಬೇಕು. ವಲಸೆ ಕೊರತೆಯನ್ನು ತಗ್ಗಿಸುತ್ತದೆ, ತುಂಬಿಸುವುದಿಲ್ಲ ಎನ್ನುವುದು ಇದಕ್ಕೇ.

ಹೆಚ್ಚಿನವರು ಎಡವುವುದು ಪಿಂಚಣಿಯ ಸೂತ್ರದಲ್ಲಿ. ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸಂಬಳವನ್ನು 420 ತಿಂಗಳಿಗೆ ಹಂಚಿ ಸರಾಸರಿ ತೆಗೆಯುತ್ತಾರೆ. ದುಡಿಯದ ವರ್ಷಕ್ಕೆ ಸೊನ್ನೆ. 2025ರ ಸೂತ್ರದಲ್ಲಿ ಸರಾಸರಿಯ ಮೊದಲ 1,226 ಡಾಲರ್‌ಗೆ 90%, ಅಲ್ಲಿಂದ 7,391ರವರೆಗೆ 32%, ಅದರಾಚೆಗೆ 15%. ವರ್ಷಕ್ಕೆ 84,000 ಡಾಲರ್ ಗಳಿಸುವ ಇಬ್ಬರನ್ನು ತೆಗೆದುಕೊಳ್ಳಿ (ಹಳೆಯ ಸಂಬಳವನ್ನು ಇತ್ತೀಚಿನ ಮಟ್ಟಕ್ಕೆ ಏರಿಸುವ ವೇತನ ಸೂಚ್ಯಂಕದ ಹೊಂದಾಣಿಕೆ ಸದ್ಯಕ್ಕೆ ಬಿಡೋಣ). 35 ವರ್ಷ ದುಡಿದವರ ಸರಾಸರಿ 7,000, ಪಿಂಚಣಿ ತಿಂಗಳಿಗೆ ಸುಮಾರು 2,951. ತಡವಾಗಿ ಬಂದು 12 ವರ್ಷ ಮಾತ್ರ ದುಡಿದವರ ಸರಾಸರಿ 2,400, ಪಿಂಚಣಿ ಸುಮಾರು 1,479. ಕಟ್ಟಿದ್ದು ಮೂರರಲ್ಲೊಂದು ಪಾಲು, ಸಿಗುವುದು ಅರ್ಧ! ಬಡವರಿಗೆಂದು ಮಾಡಿದ 90%ರ ಮೆಟ್ಟಿಲು ಕಡಿಮೆ ವರ್ಷ ದುಡಿದವರಿಗೂ ಒದಗುತ್ತದೆ. ಆದ್ದರಿಂದ ಯಾವ ವಯಸ್ಸಿನಲ್ಲಿ ಬಂದರು ಎಂದು ಕೇಳದೆ ಲಾಭನಷ್ಟದ ಮಾತಾಡಬಾರದು.

ವಲಸೆಯ ದಾಖಲೆಯಿಲ್ಲದೆ ದುಡಿಯುವವರದ್ದು ಇದರ ತದ್ವಿರುದ್ಧ. ಸುಳ್ಳು ಅಥವಾ ಬೇರೆಯವರ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಕೊಟ್ಟು ಕೆಲಸಕ್ಕೆ ಸೇರಿದರೂ ತೆರಿಗೆ ಕಡಿತವಾಗುತ್ತದೆ. ಹೆಸರು, ಸಂಖ್ಯೆ ತಾಳೆಯಾಗದ ಸಂಬಳದ ದಾಖಲೆ ಯಾರ ಖಾತೆಗೂ ಸೇರದೆ ಪ್ರತ್ಯೇಕ ಕಡತದಲ್ಲಿ ಉಳಿಯುತ್ತದೆ, ಹಣ ಮಾತ್ರ ನಿಧಿಗೆ. ಸೋಶಿಯಲ್ ಸೆಕ್ಯೂರಿಟಿ ಆಡಳಿತದ ಲೆಕ್ಕತಜ್ಞರು 2013ರಲ್ಲಿ ಮಾಡಿದ ಅಂದಾಜಿನಂತೆ 2010ರಲ್ಲಿ ಇವರು ಹಾಗೂ ಇವರ ಮಾಲೀಕರಿಂದ ಬಂದದ್ದು ಸುಮಾರು 1,300 ಕೋಟಿ ಡಾಲರ್, ಹೊರಹೋದ ಪಿಂಚಣಿ ಸುಮಾರು 100 ಕೋಟಿ. ಇವರಲ್ಲಿ ಬಹುಪಾಲು ಮಂದಿಗೆ ಮುಪ್ಪಿನಲ್ಲಿ ಏನೂ ಸಿಗದು; ಇದು ಅವರ ಬೆವರು. ಲಾಭ ಎಂದು ಬರೆಯುವಾಗ ಈ ಮಾತನ್ನು ಮರೆಯಬಾರದು.

ಬೆಂಗಳೂರಿನಿಂದ ಎಚ್-1ಬಿ ಕೆಲಸದ ವೀಸಾ ಮೇಲೆ ಹೋದವರಿಗೂ ಇದು ತಟ್ಟುತ್ತದೆ. ಪಿಂಚಣಿಗೆ 40 ಕ್ರೆಡಿಟ್ (ತೆರಿಗೆ ಕಟ್ಟಿದ ದುಡಿಮೆಗೆ ಸಿಗುವ ಅಂಕ) ಬೇಕು, ವರ್ಷಕ್ಕೆ ಗರಿಷ್ಠ 4. ವೀಸಾದ 6 ವರ್ಷಕ್ಕೆ ಹೆಚ್ಚುಕಡಿಮೆ 24. ಅಷ್ಟರಲ್ಲಿ ಹಿಂತಿರುಗಿದರೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ಪಿಂಚಣಿಯೂ ಸಿಗುವುದಿಲ್ಲ, ಏಕೆಂದರೆ ಎರಡೂ ದೇಶದ ದುಡಿಮೆಯನ್ನು ಕೂಡಿಸುವ ಒಪ್ಪಂದ ಭಾರತ, ಅಮೆರಿಕದ ನಡುವೆ ಇಲ್ಲ. ಜರ್ಮನಿ, ಜಪಾನ್ ಜೊತೆ ನಮಗೆ ಅಂಥದ್ದಿದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ವೀಸಾ ವಿಸ್ತರಿಸಿಕೊಂಡವರು 10 ವರ್ಷ ದಾಟಿ ಅರ್ಹರಾಗುತ್ತಾರೆ. ಒಮ್ಮೆ ಗಳಿಸಿದ ಕ್ರೆಡಿಟ್ ಅಳಿಯದು: 24ರೊಂದಿಗೆ ಮರಳಿದವರು ಮುಂದೆಂದಾದರೂ ಮತ್ತೆ ಅಲ್ಲಿ 4 ವರ್ಷ ದುಡಿದರೆ 40 ತುಂಬುತ್ತದೆ.