ಕಾರ್ ಶೆಡ್ಡಿನಲ್ಲಿ ವರ್ಕ್‌ಶಾಪ್: ಮೊದಲ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು?

ಪ್ರಶ್ನೆ: ನಮ್ಮ ಮನೆಯ ಕಾರ್ ಶೆಡ್ 10 ಅಡಿ ಅಗಲ, 18 ಅಡಿ ಉದ್ದ ಇದೆ. ಮನೆಗೆ ಬೇಕಾದ ಕಪಾಟು, ಮೇಜು, ಸ್ಟೂಲುಗಳನ್ನು ನಾನೇ ಮಾಡಿಕೊಳ್ಳುವಂತೆ ಅಲ್ಲೊಂದು ಮರಗೆಲಸದ ವರ್ಕ್‌ಶಾಪ್ ಮಾಡಬೇಕೆಂದಿದ್ದೇನೆ. ಕೈಯಲ್ಲಿ ಸುಮಾರು 50 ಸಾವಿರ ರೂಪಾಯಿ ಇದೆ. ಮೊದಲು ಯಾವ ಯಂತ್ರ ಕೊಳ್ಳಲಿ?

ಉತ್ತರ: ಹೊಸದಾಗಿ ವರ್ಕ್‌ಶಾಪ್ ಮಾಡಲು ಹೊರಟವರೆಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಮೊದಲ ಹಣ ವಿದ್ಯುತ್ ಲೈನಿಗೆ ಹೋಗಲಿ, ಎರಡನೆಯದು ಗಟ್ಟಿಯಾದ ಒಂದು ಬೆಂಚಿಗೆ ಹೋಗಲಿ, ಯಂತ್ರದ ಮಾತು ಆಮೇಲೆ ಬರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಂತ್ರವನ್ನು ಯಾವ ದಿನ ಬೇಕಾದರೂ ಅಂಗಡಿಗೆ ಹೋಗಿ ತರಬಹುದು; ಆದರೆ ಗೋಡೆಯುದ್ದಕ್ಕೂ ಕಪಾಟು ಹೊಡೆದು ಸಾಮಾನು ತುಂಬಿಸಿದ ಮೇಲೆ ಹೊಸ ವಯರ್ ಎಳೆಯುವುದು ಎಂಥ ರಗಳೆ ಎಂಬುದು ಎಳೆಸಿದವರಿಗೇ ಗೊತ್ತು. ನಿಮ್ಮ ಬಜೆಟ್ಟಿನ ಮೂರನೇ ಒಂದು ಭಾಗವನ್ನು ಲೈನು, ಬೆಂಚು ಮತ್ತು ಬೆಳಕಿಗೆ ಎತ್ತಿಟ್ಟರೆ ಅದು ದುಂದುವೆಚ್ಚವೆಂದು ನಾನು ಹೇಳಲಾರೆ.

ಹಣ ಬಿಚ್ಚುವ ಮೊದಲು ಶೆಡ್ಡಿನ ನೆಲವನ್ನು ನೋಡಿ. ಕಾರು ತೊಳೆದ ನೀರು ಹರಿದುಹೋಗಲೆಂದು ನಮ್ಮ ಕಡೆಯ ಶೆಡ್ಡುಗಳ ನೆಲಕ್ಕೆ ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಆರು ಅಡಿಯ ನೇರವಾದ ಪಟ್ಟಿಯೊಂದನ್ನು ನೆಲದ ಮೇಲಿಟ್ಟು, ಅದರ ಮೇಲೆ ರಸಮಟ್ಟವನ್ನಿಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಗೇಟಿನ ಕಡೆಯ ತುದಿಯನ್ನು ಎತ್ತಿ ನೋಡಿದರೆ ಎಷ್ಟು ಇಳಿಜಾರಿದೆ ಎಂಬುದು ಕೈಗೇ ಸಿಗುತ್ತದೆ. ಬೆಂಚಿನ ಗೇಟಿನ ಕಡೆಯ ಎರಡು ಕಾಲುಗಳನ್ನು ಅಷ್ಟೇ ಉದ್ದ ಮಾಡಿಸಬೇಕು. ಪಾರ್ಕಿಂಗ್ ಟೈಲ್ಸ್ ಹಾಕಿದ ನೆಲವಾದರೆ ಅದರ ಮೇಲೆ ಬಿದ್ದ ಮರದ ಹೊಟ್ಟು ಕಾಲಿನಡಿ ಜಾರುತ್ತದೆ. ನೀವು ನಿಂತು ಕೆಲಸ ಮಾಡುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕುವುದು ಒಳ್ಳೆಯದು. ರಾತ್ರಿ ಕಾರು ಅಲ್ಲೇ ನಿಲ್ಲಬೇಕಾದರೆ ಲೆಕ್ಕವೇ ಬೇರೆ. ಸಣ್ಣ ಕಾರೂ ಐದರಿಂದ ಐದೂಮುಕ್ಕಾಲು ಅಡಿಯಷ್ಟು ಅಗಲವಿರುವುದರಿಂದ, ಬಾಗಿಲು ತೆರೆಯುವ ಜಾಗವನ್ನು ಕಳೆದರೆ ನಿಮಗೆ ಉಳಿಯುವುದು ಒಂದು ಗೋಡೆಯ ಪಕ್ಕದ ಎರಡು ಅಡಿ ಮಾತ್ರ.

ಈಗ ವಿದ್ಯುತ್ತಿನ ವಿಷಯ. ಬಹಳಷ್ಟು ಶೆಡ್ಡುಗಳಲ್ಲಿ ಒಂದು ಬಲ್ಬು, ಒಂದು 6 ಆಂಪಿಯರ್ ಸಾಕೆಟ್ಟು ಇರುತ್ತವೆ. ಅವೆರಡೂ ಮನೆಯ ದೀಪಗಳ ಲೈನಿನಿಂದಲೇ ಬಂದ ತೆಳುವಾದ ವಯರಿನ ಮೇಲೆ ನಡೆಯುತ್ತಿರುತ್ತವೆ. 1,800 ವಾಟಿನ ಗರಗಸದ ಯಂತ್ರವೊಂದು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಹೊಟ್ಟು ಎಳೆಯಲೆಂದು ಜೊತೆಗೆ 1,200 ವಾಟಿನ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಇನ್ನೂ 5 ಆಂಪಿಯರ್ ಸೇರುತ್ತದೆ. ಅದರ ಮೇಲೆ, ಮೋಟಾರು ಶುರುವಾಗುವ ಆ ಒಂದು ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಮನೆಯ ಮುಖ್ಯ ಡಿಬಿಯಿಂದಲೇ (ವಿದ್ಯುತ್ ಹಂಚುವ ಪೆಟ್ಟಿಗೆಯಿಂದಲೇ) ಶೆಡ್ಡಿಗೆಂದು ಪ್ರತ್ಯೇಕವಾದ ಒಂದು ಲೈನನ್ನು 4 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ ಎಳೆಸಿ, ಅದಕ್ಕೆ ಮೋಟಾರಿನ ಆರಂಭದ ಸೆಳೆತವನ್ನು ತಡೆದುಕೊಳ್ಳುವ ಸಿ ಮಾದರಿಯ 20 ಆಂಪಿಯರ್ ಎಂಸಿಬಿಯನ್ನೂ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಹಾಕಿಸಿ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಕರೆಂಟ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಸಾಲುತ್ತದೆಯೇ ಎಂಬುದನ್ನೂ ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕು.

ಆರ್‌ಸಿಸಿಬಿಯ ವಿಷಯದಲ್ಲಿ ಹಿಂದೆಮುಂದೆ ನೋಡಬೇಡಿ. ಎಂಸಿಬಿ ಕಾಯುವುದು ವಯರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂದಿರುಗದೆ ಯಾರದೋ ಮೈಯ ಮೂಲಕ ನೆಲಕ್ಕೆ ಸೋರಿದರೆ, ಆ ವ್ಯತ್ಯಾಸವನ್ನು ಹಿಡಿದು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನನ್ನು ಕಡಿಯುತ್ತದೆ. ಮಳೆಗಾಲದಲ್ಲಿ ತೇವಗೊಂಡ ನೆಲದ ಮೇಲೆ ನಿಂತು ಯಂತ್ರ ಹಿಡಿಯುವವರಿಗೆ ಇದಿಲ್ಲದೆ ಆಗದು. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡುತ್ತಿರಬೇಕು. ಅರ್ಥಿಂಗ್ ಸರಿಯಿದೆಯೇ ಎಂದೂ ಅದೇ ಸಲ ಪರೀಕ್ಷೆ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸನ್ನು ಸುರುಳಿ ಸುತ್ತಿದಂತೆಯೇ ಇಟ್ಟು ಅದರಿಂದ ದೊಡ್ಡ ಯಂತ್ರ ಓಡಿಸಿದರೆ ವಯರು ಬಿಸಿಯಾಗಿ ಕರಗುವ ಸಂಭವವಿದೆ; ಬಳಸಲೇಬೇಕಾದರೆ ಪೂರ್ತಿ ಬಿಚ್ಚಿ ಬಳಸಿ.

ಬೆಂಚನ್ನು ಕೊಳ್ಳಬೇಡಿ, ಮಾಡಿ. ನಿಮ್ಮ ವರ್ಕ್‌ಶಾಪಿನ ಮೊದಲ ಕೆಲಸ ಅದೇ ಆಗಲಿ. 18 ಮಿಲಿಮೀಟರ್ ದಪ್ಪದ 8×4 ಅಡಿಯ ಒಂದೇ ಒಂದು ಪ್ಲೈವುಡ್ ಶೀಟಿನಿಂದ 6×2 ಅಡಿಯ ಎರಡು ತುಂಡುಗಳು ಬರುತ್ತವೆ. ಅವೆರಡನ್ನೂ ಅಂಟಿನಿಂದ ಒಂದರ ಮೇಲೊಂದು ಕೂರಿಸಿದರೆ 36 ಮಿಲಿಮೀಟರಿನ ಮೇಲ್ಹಾಸು ಸಿದ್ಧವಾಗುತ್ತದೆ. ಉಳಿದ 2×4 ಅಡಿಯ ತುಂಡು ಕೆಳಗಿನ ಹಲಗೆಗೆ ಆಗುತ್ತದೆ. ಶೀಟನ್ನು ಅಂಗಡಿಯಲ್ಲೇ ಕತ್ತರಿಸಿ ತನ್ನಿ. ದೊಡ್ಡ ಪ್ಲೈವುಡ್ ಅಂಗಡಿಗಳಲ್ಲಿ ಅದಕ್ಕೆಂದೇ ಯಂತ್ರವಿರುತ್ತದೆ, ಅಲ್ಪ ಕೂಲಿಗೆ ನೇರವಾಗಿ ಕತ್ತರಿಸಿಕೊಡುತ್ತಾರೆ. ಕಾಲುಗಳಿಗೆ ಮೂರು ಇಂಚು ದಪ್ಪದ ಸಿಲ್ವರ್ ಓಕ್ ಸಾಕು. ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಈ ಮರ ತೇಗಕ್ಕಿಂತ ಎಷ್ಟೋ ಅಗ್ಗ. ನೆಲದ ತೇವ ಹೀರದಂತೆ ಬುಡಕ್ಕೆ ರಬ್ಬರಿನ ತುಂಡು ಹೊಡೆದರೆ ಬೆಂಚಿನ ಕೆಲಸಕ್ಕೆ ಅದರಲ್ಲಿ ಕೊರತೆಯೇನೂ ಇಲ್ಲ. ಕಾಲು ಮತ್ತು ಅಡ್ಡಪಟ್ಟಿ ಸೇರುವಲ್ಲಿ ಸ್ಕ್ರೂ ಬೇಡ, ನಟ್ಟು-ಬೋಲ್ಟು ಹಾಕಿ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಮರದ ಕೀಲು ಸಡಿಲವಾದಾಗ ಸ್ಪ್ಯಾನರಿನಿಂದ ಮತ್ತೆ ಬಿಗಿಮಾಡಬಹುದು.

ಎತ್ತರವನ್ನು ನಿಮ್ಮ ಮೈಯಿಂದಲೇ ಅಳೆಯಬೇಕು. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೆಯೋ ಅದೇ ಸರಿಯಾದ ಎತ್ತರ. ಹೆಚ್ಚಿನವರಿಗೆ ಅದು 32ರಿಂದ 34 ಇಂಚಿನೊಳಗೆ ಇರುತ್ತದೆ. ಬೆಂಚಿನ ಎಡ ತುದಿಗೆ ಬಡಗಿಗಳು ಮರವನ್ನು ಬಿಗಿಯಾಗಿ ಹಿಡಿಯಲು ಬಳಸುವ ಬೀಡುಕಬ್ಬಿಣದ ವೈಸ್ ಒಂದನ್ನು, ಅದರ ಒಳ ದವಡೆ ಬೆಂಚಿನ ಅಂಚಿಗೆ ಸಮವಾಗಿ ಬರುವಂತೆ ಕೂರಿಸಿ, ದವಡೆಗಳಿಗೆ ಮರದ ಹಲಗೆ ಹೊಡೆಯಿರಿ. ಎಡಗೈಯವರಾದರೆ ಬಲ ತುದಿಗೆ. ಮರವನ್ನು ಅಲುಗದಂತೆ ಹಿಡಿಯುವ ವ್ಯವಸ್ಥೆ ಇದ್ದರೆ ಅಗ್ಗದ ಗರಗಸವೂ ನೇರವಾಗಿ ಹೋಗುತ್ತದೆ. ಇಲ್ಲದಿದ್ದರೆ ಎಷ್ಟು ದುಬಾರಿಯ ಯಂತ್ರವೂ ಗೆರೆ ಬಿಟ್ಟು ಓಡುತ್ತದೆ.

ಬೆಳಕಿಗೆ ನಾಲ್ಕು ಅಡಿಯ 20 ವಾಟಿನ ಎರಡು ಎಲ್ಇಡಿ ಬ್ಯಾಟನ್‌ಗಳು ಸಾಕು. ಎರಡನ್ನೂ ಒಂದೇ ಕಡೆ ಹಾಕದೆ ಬೆಂಚಿನ ಎರಡು ಬದಿಗೆ ಹಾಕಿದರೆ ನಿಮ್ಮ ಕೈಯ ನೆರಳು ಗುರುತಿನ ಗೆರೆಯ ಮೇಲೆ ಬೀಳುವುದಿಲ್ಲ. ಹಳೆಯ ಚೋಕಿನ ಟ್ಯೂಬ್‌ಲೈಟ್ ಇದ್ದರೆ ತೆಗೆದುಬಿಡಿ. ಸೆಕೆಂಡಿಗೆ 100 ಸಲ ಮಿನುಗುವ ಆ ಬೆಳಕಿನಲ್ಲಿ ತಿರುಗುತ್ತಿರುವ ಬ್ಲೇಡು ನಿಂತಂತೆ ಕಾಣುವುದುಂಟು.

ಕೈ ಉಪಕರಣಗಳಲ್ಲಿ ಟೇಪು, ಮೂಲೆಮಟ್ಟ, ಸಣ್ಣ ಹಲ್ಲಿನ ಗರಗಸ, 6, 12 ಮತ್ತು 25 ಮಿಲಿಮೀಟರಿನ ಮೂರು ಉಳಿಗಳು, ಒಂದು ಕೊಡತಿ, ಒಂದು ಉಜ್ಜುಗೊರಡು, ನಾಲ್ಕು ಕ್ಲಾಂಪು, ಒಂದು ಸಾಣೆಕಲ್ಲು ಇವಿಷ್ಟರಿಂದ ಶುರು ಮಾಡಬಹುದು. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿನ ಹಲಗೆಯ ಮೇಲೆ ಅದನ್ನಿಟ್ಟು ಚೂಪಾದ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿಯಿದೆ. ಮೇಲೆ ಹೋಗುತ್ತಾ ಬೇರೆಯಾದರೆ ಅದರ ತಪ್ಪು ಎರಡು ಪಟ್ಟಾಗಿ ನಿಮ್ಮ ಕಣ್ಣಿಗೆ ಕಾಣುತ್ತಿದೆ ಎಂದರ್ಥ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಾಗಲಿ, ಹೀಗೆ ನೋಡಿ ಕೊಳ್ಳುವವರನ್ನು ಯಾರೂ ಬೇಡವೆನ್ನುವುದಿಲ್ಲ. ಹೊಸ ಉಳಿ ಹರಿತವಾಗಿಯೇ ಬರುತ್ತದೆಂದು ತಿಳಿಯಬೇಡಿ. ಅದರ ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆ ಮಾಡಿ, 25 ಡಿಗ್ರಿಯಷ್ಟು ಓರೆಯಲ್ಲಿ ಸಾಣೆ ಹಿಡಿದ ಮೇಲೆಯೇ ಅದು ಕೆಲಸಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಯಂತ್ರಗಳು. ಮೊದಲನೆಯದು ಡ್ರಿಲ್, ಎರಡನೆಯದು 7 ಇಂಚಿನ ಸರ್ಕ್ಯುಲರ್ ಸಾ (ಕೈಯಲ್ಲಿ ಹಿಡಿದು ಕೊಯ್ಯುವ, ದುಂಡು ಬ್ಲೇಡಿನ ಗರಗಸ), ಮೂರನೆಯದು ಮರವನ್ನು ಉಜ್ಜಿ ನುಣುಪು ಮಾಡುವ ಸ್ಯಾಂಡರ್. ಮರದಲ್ಲಿ ಗಾಡಿ, ಅಂಚಿನ ಆಕಾರ ಕೊರೆಯುವ ರೂಟರ್ ಬೇಕೋ ಬೇಡವೋ ಎಂಬುದನ್ನು ನೀವು ಮಾಡುವ ಕೆಲಸವೇ ಹೇಳುತ್ತದೆ.

ಸರ್ಕ್ಯುಲರ್ ಸಾ ಬದಲು ಅಗ್ಗದ ದಾರಿಯೊಂದು ನಮ್ಮಲ್ಲಿ ಎಲ್ಲೆಡೆ ಇದೆ. 4 ಇಂಚಿನ ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವುದು, ಇಲ್ಲವೇ ಮಾರ್ಬಲ್ ಕಟ್ಟರನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿದು, ಗಾರ್ಡ್ ಕಳಚಿ, ಅದನ್ನೇ ಟೇಬಲ್ ಸಾ (ಮೇಜಿನ ಮೇಲೆ ಬ್ಲೇಡು ಎದ್ದಿರುವ ಗರಗಸ) ಮಾಡಿಕೊಳ್ಳುವುದು. ದಯವಿಟ್ಟು ಇದನ್ನು ಮಾಡಬೇಡಿ. ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಮರಕ್ಕೆಂದು ಮಾಡಿದ 7 ಇಂಚಿನ ಯಂತ್ರ ತಿರುಗುವುದು ಅದರ ಅರ್ಧದಷ್ಟು ಮಾತ್ರ. ಕೊಯ್ದ ಸೀಳು ಮರದ ಒಳಬಿಗುವಿನಿಂದ ಮುಚ್ಚಿಕೊಂಡು ಬ್ಲೇಡನ್ನು ಹಿಡಿದಾಗ, ಗ್ರೈಂಡರಾದರೆ ಯಂತ್ರವೇ ಕೈಯಿಂದ ಸಿಡಿದು ಮೈಮೇಲೆ ಬರುತ್ತದೆ, ತಲೆಕೆಳಗಾದ ಕಟ್ಟರಾದರೆ ಹಲಗೆ ನಿಮ್ಮ ಹೊಟ್ಟೆಗೆ ಬಡಿಯುತ್ತದೆ ಮತ್ತು ಅದನ್ನು ಒತ್ತಿ ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಹೋಗುತ್ತದೆ. ಇಪ್ಪತ್ತು ವರ್ಷ ಅದನ್ನೇ ಬಳಸಿದ ಆಚಾರಿಗಳು ಇರಬಹುದು. ಅವರ ಕೈಗೆ ಇರುವ ರೂಢಿ ವಾರಾಂತ್ಯದಲ್ಲಿ ಮಾತ್ರ ಕೆಲಸ ಮಾಡುವವರಿಗೆ ಬರುವುದಿಲ್ಲ, ಅಂಥ ಆಚಾರಿಗಳಲ್ಲೂ ಬೆರಳು ಕಳೆದುಕೊಂಡವರಿದ್ದಾರೆ. ಹಣ ಸಾಲದಿದ್ದರೆ ಕೈಗರಗಸದಲ್ಲೇ ಕೊಯ್ಯಿರಿ.

ಕಬ್ಬಿಣ ಕತ್ತರಿಸಲು ಗ್ರೈಂಡರ್ ಇಟ್ಟುಕೊಳ್ಳುವುದಾದರೆ ಆ ಕೆಲಸವನ್ನು ಗೇಟಿನ ಆಚೆಗೆ ಮಾಡಿ, ಏಕೆಂದರೆ ಹೊಟ್ಟಿನ ರಾಶಿಗೆ ಬಿದ್ದ ಕಿಡಿ ಒಳಗೊಳಗೇ ಕಾದು ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯೂ ಹಾಗೆಯೇ: ಮುದ್ದೆ ಮಾಡಿ ಮೂಲೆಗೆ ಎಸೆದರೆ ಎಣ್ಣೆ ಒಣಗುವಾಗ ಹುಟ್ಟುವ ಶಾಖದಿಂದ ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಹೊರಗೆ ಬಿಡಿಸಿ ಒಣಹಾಕಿ. ಎಬಿಸಿ ಮಾದರಿಯ ಸಣ್ಣ ಅಗ್ನಿಶಾಮಕವನ್ನು ಗೇಟಿನ ಪಕ್ಕದಲ್ಲೇ ತೂಗುಹಾಕಿ. ಒಳಗಿನ ಮೂಲೆಯಲ್ಲಿಟ್ಟರೆ ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ.

ಮರದ ಧೂಳನ್ನು ಹಗುರವಾಗಿ ಕಾಣುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸ್ಯಾಂಡರ್ ಹಿಡಿದಾಗಲೆಲ್ಲ ಎನ್-95 ಮಾಸ್ಕ್ ಇರಲಿ, ಗೇಟು ತೆರೆದಿರಲಿ, ಒಂದು ಫ್ಯಾನು ಹೊರಮುಖವಾಗಿ ತಿರುಗುತ್ತಿರಲಿ. ಲ್ಯಾಮಿನೇಟ್ ಅಂಟಿಸುವ ಗಮ್ಮಿನ ಆವಿಯನ್ನು ಈ ಮಾಸ್ಕ್ ತಡೆಯುವುದಿಲ್ಲ. ಅದಕ್ಕೆ ಗಾಳಿಯಾಡುವ ಜಾಗವೇ ಬೇಕು. ಸರ್ಕ್ಯುಲರ್ ಸಾ ಸದ್ದು 100 ಡೆಸಿಬೆಲ್ ಹತ್ತಿರವಿರುವುದರಿಂದ ಕಿವಿಗೆ ರಕ್ಷಣೆ ಬೇಕು. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಯಂತ್ರದ ಕೆಲಸವನ್ನು ಹಗಲಿಗೇ ಇಟ್ಟುಕೊಂಡು, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿದರೆ ಸಂಬಂಧ ಕೆಡುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಓದುಗರು ತುಕ್ಕಿನ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಉಪಕರಣಗಳನ್ನು ಹೊರಗೋಡೆಗೇ ನೇತುಹಾಕದೆ, ಗೋಡೆಯಿಂದ ಒಂದು ಇಂಚು ಬಿಟ್ಟು ಹೊಡೆದ ಹಲಗೆಗೆ ನೇತುಹಾಕಿ. ಕೆಲಸ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮಳೆಗಾಲ ದಾಟುತ್ತವೆ. ಮರವನ್ನು ನೆಲಕ್ಕೆ ತಾಗಿಸದೆ, ಗಾಳಿ ಆಡುವಂತೆ ಪಟ್ಟಿಗಳ ಮೇಲೆ ಜೋಡಿಸಿದರೆ ಗೆದ್ದಲು ಹತ್ತಿದ್ದೂ ಬೇಗ ಗೊತ್ತಾಗುತ್ತದೆ.

ಟೇಬಲ್ ಸಾ ಬೇಕೇ ಎಂದು ಮುಂದೆ ನೀವು ಕೇಳಿಯೇ ಕೇಳುತ್ತೀರಿ. ಎಂಟು ಅಡಿಯ ಹಲಗೆ ಅದರ ಮೂಲಕ ಹೋಗಬೇಕಾದರೆ ಬ್ಲೇಡಿನ ಹಿಂದೆ ಎಂಟು ಅಡಿ, ಮುಂದೆ ಎಂಟು ಅಡಿ ಜಾಗ ಬೇಕು. ನಿಮ್ಮ ಶೆಡ್ಡಿನ ಉದ್ದ ಅದಕ್ಕೆ ಹೇಗೋ ಸಾಲುತ್ತದೆ, ಆದರೆ ನೀವು ನಿಲ್ಲುವ ಜಾಗಕ್ಕೆ ಸಾಲುವುದಿಲ್ಲ. ಆರು ತಿಂಗಳು ಸರ್ಕ್ಯುಲರ್ ಸಾದಲ್ಲಿ ಕೆಲಸ ಮಾಡಿದ ಮೇಲೂ ಅದು ಬೇಕೆನಿಸಿದರೆ, ಬ್ಲೇಡಿನ ಹಿಂದೆ ಸೀಳು ಮುಚ್ಚದಂತೆ ತಡೆಯುವ ರೈವಿಂಗ್ ನೈಫ್ ಇರುವಂಥದ್ದನ್ನೇ ಕೊಂಡು, ಕೊಯ್ದ ಹಲಗೆ ತೆರೆದ ಗೇಟಿನಿಂದ ಹೊರಗೆ ಹೋಗುವಂತೆ ಗೇಟಿನ ನೇರಕ್ಕೆ ಇಡಿ.