ಎಷ್ಟು ಲಕ್ಷ ಕ್ಯೂಸೆಕ್ ಎಂದು ಕೇಳುವವರಿಗೆ

ಜುಲೈ ಅರ್ಧ ಕಳೆಯಿತೆಂದರೆ ನನ್ನ ಮೊಬೈಲ್‌ಗೆ ಬರುವ ಕರೆಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತವೆ. ‘ಸಾಹೇಬರೇ, ಇವತ್ತು ಎಷ್ಟು ಬಿಟ್ಟಿದ್ದಾರೆ?’ ನೀರಾವರಿ ಇಲಾಖೆಯಿಂದ ನಿವೃತ್ತನಾಗಿ ವರ್ಷಗಳಾದರೂ ಕೃಷ್ಣಾ ತೀರದವರ ಪಾಲಿಗೆ ಅಣೆಕಟ್ಟಿನ ಗೇಟಿನ ಕೀಲಿ ಇನ್ನೂ ನನ್ನ ಜೇಬಿನಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಕಲ್ಲೋಳ ಬ್ಯಾರೇಜ್ ಬಳಿ ಇಷ್ಟು ಲಕ್ಷ ಕ್ಯೂಸೆಕ್ ಎಂದು ಹೇಳುತ್ತೇನೆ. ‘ಹೌದಾ, ಹೌದಾ’ ಎಂದು ಕ್ರಿಕೆಟ್ ಸ್ಕೋರ್ ಕೇಳಿದವರ ಹಾಗೆ ಸಮಾಧಾನಪಡುತ್ತಾರೆ. ‘ಅಷ್ಟು ಬಂದರೆ ನಿಮ್ಮ ಊರಲ್ಲಿ ನೀರು ಎಲ್ಲಿಗೆ ಬರುತ್ತದೆ?’ ಎಂದು ನಾನು ಕೇಳಿದ ಕೂಡಲೇ ಆ ಕಡೆ ಸದ್ದಿಲ್ಲ.

ನಮ್ಮ ಕಡೆ ಮಳೆಯೇ ಇಲ್ಲ, ಹೊಳೆ ಹೇಗೆ ಬರುತ್ತದೆ ಎಂದು ಮುಗಿಲು ನೋಡುತ್ತಾ ಕೂರುವವರು ಈಗ ಕಡಿಮೆಯಾಗಿದ್ದಾರೆ. ಮಹಾಬಳೇಶ್ವರದ ಘಟ್ಟದಲ್ಲಿ ಸುರಿದದ್ದು ಕೊಯ್ನಾ, ವಾರಣಾ, ಪಂಚಗಂಗಾ ನದಿಗಳೊಡನೆ ಸೇರಿ ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಗಡಿಯೊಳಗೆ ಬರುತ್ತದೆ, ಇಲ್ಲಿ ದೂಧಗಂಗೆಯೂ ಕೂಡಿಕೊಳ್ಳುತ್ತದೆ ಎಂಬುದು 2005 ಮತ್ತು 2019ರ ನೆರೆ ಕಂಡ ಮಕ್ಕಳಿಗೂ ಗೊತ್ತು. ಅದನ್ನು ಬಿಡೋಣ. ನನ್ನ ತಕರಾರು ಇರುವುದು ಆ ಲಕ್ಷದ ಲೆಕ್ಕದ ಬಗ್ಗೆ.

ಕ್ಯೂಸೆಕ್ ಎಂದರೆ ನೀರಿನ ಎತ್ತರವಲ್ಲ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, ನಮ್ಮ ಹಳ್ಳಿ ಲೆಕ್ಕದಲ್ಲಿ ಎರಡು ಕೊಡ. ಒಂದು ಲಕ್ಷ ಕ್ಯೂಸೆಕ್ ಎಂದರೆ ನಿಮ್ಮ ಎದುರಿಗೆ ಪ್ರತಿ ಸೆಕೆಂಡಿಗೆ ಎರಡು ಲಕ್ಷ ಕೊಡ ನೀರು ಹಾದುಹೋಗುತ್ತಿದೆ ಎಂದರ್ಥ. ದಿನವಿಡೀ ಹಾಗೆ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), 123 ಟಿಎಂಸಿಯ ಆಲಮಟ್ಟಿ ಜಲಾಶಯ ಖಾಲಿಯಿದ್ದರೂ ಎರಡು ವಾರಕ್ಕೆ ತುಂಬುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನೆಯ ಕಟ್ಟೆಯ ಬಗ್ಗೆ ನಾನು ಒಂದಕ್ಷರವನ್ನೂ ಹೇಳಿದಂತಾಗಲಿಲ್ಲ. ಪಾತ್ರ ಅಗಲವಿದ್ದಲ್ಲಿ ಅದೇ ನೀರು ತೆಳ್ಳಗೆ ಹರಡಿ ಹೋಗುತ್ತದೆ, ಇಕ್ಕಟ್ಟಾದಲ್ಲಿ ಮೇಲೇರುತ್ತದೆ. ಒಂದು ಲಕ್ಷ ಕೃಷ್ಣೆಗೆ ಮೈಮುರಿದು ಎದ್ದಷ್ಟೇ. ಹೂಳು ತುಂಬಿ, ಒತ್ತುವರಿಯಾಗಿ ಸೊರಗಿದ ಮಲಪ್ರಭೆಗೆ ಅದರ ಕಾಲು ಭಾಗ ಬಂದರೂ ದಂಡೆಯ ಊರುಗಳಲ್ಲಿ ನಿದ್ದೆಯಿಲ್ಲ. ಆದ್ದರಿಂದ ಪಕ್ಕದ ತಾಲ್ಲೂಕಿನ ಬೀಗರು ‘ಎರಡು ಲಕ್ಷಕ್ಕೂ ನಮಗೇನಾಗಲಿಲ್ಲ’ ಎಂದರೆ ಅದು ಅವರ ಊರಿನ ಮಾತು.

ಜಮಖಂಡಿ ಕಡೆಯ ಒಂದು ಊರಿನಲ್ಲಿ ಹಿಟ್ಟಿನ ಗಿರಣಿಯವನೊಬ್ಬನಿದ್ದ. ಓದಿದ್ದು ಏಳನೇ ತರಗತಿ. ನೀರು ಏರತೊಡಗಿದ ದಿನದಿಂದ ಬೆಳಿಗ್ಗೆ ರೇಡಿಯೊದಲ್ಲೋ ಪತ್ರಿಕೆಯಲ್ಲೋ ಸಿಕ್ಕ ಕಲ್ಲೋಳದ ಅಂಕಿಯನ್ನು ಗಿರಣಿಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಪಕ್ಕದಲ್ಲೇ ಮರುದಿನದ ನೀರು ಎಲ್ಲಿಗೆ ಬಂತೆಂಬುದನ್ನೂ ಬರೆಯುತ್ತಿದ್ದ: ‘ಧೋಬಿ ಕಲ್ಲು ಮುಳುಗಿತು’, ‘ಗುಡಿಯ ಮೂರನೇ ಮೆಟ್ಟಿಲು’, ‘ಹಳ್ಳದ ಸಿಡಿ ಮೇಲೆ ಗೇಣು ನೀರು’. ಸಿಡಿ ಎಂದರೆ ಹಳ್ಳ ದಾಟಲು ಕಟ್ಟಿದ ಸಣ್ಣ ಸೇತುವೆ. ಕಚೇರಿಯಲ್ಲಿ ನಾವು ನೀರಿನ ಮಟ್ಟದ ಗೇಜ್ ಓದಿ ರಿಜಿಸ್ಟರಿಗೆ ಏರಿಸುತ್ತಿದ್ದೆವಲ್ಲ, ಅದೇ ಕೆಲಸ. ನಮ್ಮದು ಸಮುದ್ರಮಟ್ಟದಿಂದ ಮೀಟರ್‌ನಲ್ಲಿ, ಅವನದು ಊರವರಿಗೆ ಅರ್ಥವಾಗುವ ಭಾಷೆಯಲ್ಲಿ. ಅವನದೇ ಹೆಚ್ಚು ಉಪಯೋಗದ್ದು ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಅವನ ಪಟ್ಟಿಯಲ್ಲಿ ಆ ಹಳ್ಳದ ಸಿಡಿ ಇತ್ತಲ್ಲ, ಗಮನಿಸಿ. ಜನ ಎಡವುವುದು ಅಲ್ಲೇ. ಎಲ್ಲರೂ ತಮ್ಮ ಮನೆಯ ಹೊಸ್ತಿಲಿಗೆ ಹೊಳೆ ಎಷ್ಟು ದೂರ ಎಂದು ಅಳೆಯುತ್ತಾರೆ. ಹೊಳೆ ಮುಂಬಾಗಿಲಿನಿಂದಲೇ ಬರಬೇಕೆಂದಿಲ್ಲ. ನದಿ ಏರಿದಾಗ ಅದಕ್ಕೆ ಸೇರುವ ಹಳ್ಳದ ನೀರಿಗೆ ದಾರಿ ಇಲ್ಲದಂತಾಗಿ ಅದು ಹಿಂದಕ್ಕೆ ಒತ್ತುತ್ತದೆ. ಊರಿನ ಹಿಂದಿನ ತಗ್ಗು, ಅಲ್ಲಿನ ಸಣ್ಣ ಸೇತುವೆ, ಅದರಾಚೆಯ ಟಾರು ರಸ್ತೆ ಇವು ಮೊದಲು ಮುಳುಗುತ್ತವೆ. ನಿಮ್ಮ ಕಟ್ಟೆ ಒಣಗಿರುತ್ತದೆ, ಚಹಾ ಕುಡಿಯುತ್ತಿರುತ್ತೀರಿ, ಊರು ಆಗಲೇ ನಡುಗಡ್ಡೆಯಾಗಿರುತ್ತದೆ. ಮನೆಯ ಗುರುತು ಬೇಡ ಎನ್ನುತ್ತಿಲ್ಲ. ಹೊರಡುವ ನಿರ್ಧಾರಕ್ಕೆ ಬೇಕಾದದ್ದು ದಾರಿಯ ಅತ್ಯಂತ ತಗ್ಗಿನ ಜಾಗದ ಗುರುತು.

‘ಬೋಟ್ ಬರುತ್ತದಲ್ಲ’ ಎನ್ನುತ್ತಾರೆ. ಬರುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಮೀರಿ ಹೊರಬಿಟ್ಟ ದಿನಗಳಲ್ಲಿ ಬೋಟ್ ಹುಡುಗರ ಜೊತೆ ನಾನೂ ಹೋಗಿದ್ದೆ. ಒಬ್ಬ ಅಜ್ಜಿ ಎಮ್ಮೆಯ ಹಗ್ಗ ಹಿಡಿದು ಮಾಳಿಗೆಯ ಏಣಿಯ ಬಳಿ ನಿಂತಿದ್ದಳು. ‘ನನ್ನನ್ನು ಹತ್ತಿಸಿಕೊಳ್ಳುತ್ತೀರಿ, ಇವಳನ್ನು?’ ಎಂದಳು. ಬೈಯಲು ಬಾಯಿ ತೆರೆದವನು ಸುಮ್ಮನಾದೆ, ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಬೋಟ್‌ನಲ್ಲಿ ಎಮ್ಮೆಗೆ ಜಾಗವಿಲ್ಲ. ಎಮ್ಮೆ ನಡೆದೇ ಹೋಗಬೇಕು, ಮೇವು ಟ್ರ್ಯಾಕ್ಟರ್‌ನಲ್ಲಿ ಹೋಗಬೇಕು, ಎರಡಕ್ಕೂ ರಸ್ತೆ ಬೇಕು. ನಮ್ಮ ಜನ ಹಟಮಾರಿಗಳೆಂದು ಕಾಳಜಿ ಕೇಂದ್ರದಲ್ಲಿ ಕುಳಿತು ಬೇಸರಪಡುವ ಅಧಿಕಾರಿಗಳು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ದನಗಳಿಗೆ ಜಾಗ, ಮೇವು, ನೀರು ಎಲ್ಲಿ ಎಂದು ಮೊದಲು ಹೇಳಿ. ಯಜಮಾನ ತಾನಾಗಿ ಹಿಂದೆ ಬರುತ್ತಾನೆ.

ಆ ಹಳ್ಳದ ಸೇತುವೆಯ ಕಂಬಕ್ಕೆ ಎಣ್ಣೆಬಣ್ಣದಲ್ಲಿ ಎರಡು ಗೆರೆ ಬಳಿಯಿರಿ. ಮೇಲಿನದು ರಸ್ತೆ ಮುಳುಗುವ ಮಟ್ಟ. ಕೆಳಗಿನದು ದನಕರು ಹೊರಡಬೇಕಾದ ಮಟ್ಟ. ನಡುವೆ ಎಷ್ಟು ಅಂತರ ಎಂದು ಕೇಳಿದರೆ ನಾನು ಒಂದೇ ಉತ್ತರ ಕೊಡಲಾರೆ. ನೀರು ಏರುವ ವೇಗ, ನಿಮ್ಮ ಊರಿನ ದನಗಳ ಸಂಖ್ಯೆ, ಗೋಮಾಳದ ದೂರ ಇವನ್ನು ನೋಡಬೇಕು. ಎರಡು ಮೂರು ಅಡಿಗಿಂತ ಕಡಿಮೆ ಇಟ್ಟರೆ ನನಗೆ ಧೈರ್ಯ ಬರುವುದಿಲ್ಲ. ರಾತ್ರಿ ದಾಟಬೇಕಾದೀತು ಎನಿಸಿದರೆ ಗೆರೆ ಮುಟ್ಟುವವರೆಗೂ ಕಾಯದೆ ಸಂಜೆಯೇ ಹೊರಡಿ.

ಇನ್ನೊಂದು ಎಚ್ಚರಿಕೆ. ಗಿರಣಿಯ ಗೋಡೆಯ ಪಟ್ಟಿ ಕೂಡ ವೇದವಲ್ಲ. ಹೊಸ ಸೇತುವೆ ಕಟ್ಟಿದರೆ, ದಂಡೆಯಲ್ಲಿ ಮಣ್ಣು ಏರಿಸಿದರೆ, ಕೆಳಗಿನ ಬ್ಯಾರೇಜ್‌ನ ಗೇಟುಗಳು ಬೇರೆ ರೀತಿಯಲ್ಲಿದ್ದರೆ ಅದೇ ಅಂಕಿಗೆ ನೀರು ಬೇರೆ ಮಟ್ಟ ತೋರಿಸುತ್ತದೆ. ಹೊಳೆ ಏರುವಾಗ ಮತ್ತು ಇಳಿಯುವಾಗ ಕೂಡ ಒಂದೇ ಅಂಕಿಗೆ ಒಂದೇ ಮಟ್ಟ ಇರುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ನೆರೆ ಬಾರದ ವರ್ಷವೂ ಬರೆಯಬೇಕು. ಯಾರೂ ಬರೆಯುವುದಿಲ್ಲ.

ಹಿಂದಿನ ವರ್ಷ ಆ ಊರಿಗೆ ಹೋದಾಗ ಗಿರಣಿಯವನ ಮಗ ಸಿಕ್ಕಿದ. ತಂದೆ ಈಗಿಲ್ಲ. ತಂಗಿಯ ಮದುವೆಗೆಂದು ಗೋಡೆಗೆಲ್ಲ ಸುಣ್ಣ ಹೊಡೆಸಿದ್ದ. ಬೆಳ್ಳಗೆ ಹೊಳೆಯುತ್ತಿದ್ದ ಗೋಡೆ ನೋಡಿ ನನಗೆ ಬಂದ ಸಿಟ್ಟನ್ನು ಅವನ ಕೈಯ ಚಹಾ ಕಪ್ಪಿನೊಡನೆ ನುಂಗಿಕೊಂಡೆ. ಅವನು ಹಿಟ್ಟಿನ ತಕ್ಕಡಿಯನ್ನು ಸರಿಸಿ ಅದರ ಹಿಂದಿನ ಮೂಲೆ ತೋರಿಸಿದ. ಸುಣ್ಣ ತಾಗದ ಗೇಣಗಲದ ಜಾಗದಲ್ಲಿ ಸೀಮೆಸುಣ್ಣದ ಒಂದು ಸಾಲು ಉಳಿದಿತ್ತು: ‘ಹಳ್ಳದ ಸಿಡಿ, ದನ ಹೊರಟವು.’ ಎದುರಿನ ಅಂಕಿ ಅಳಿಸಿಹೋಗಿತ್ತು.